ಶೆಟ್ಟೆವ್ವನ ಮನೆಯ ನೀರು

ಬೇಡ ಬೇಡವೆಂದರೂ ಸೊಸೆ ಆ ನೀರಿನ ಬಾಟಲಿಯನ್ನು ಚೀಲದಲ್ಲಿ ತುರುಕಿಯೇ ಬಿಟ್ಟಿದ್ದಳು. ರಾಮದುರ್ಗದಿಂದ ಸವದತ್ತಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಕಾಡಪ್ಪ ಚೀಲವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡಿದ್ದ. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಬಾಟಲಿ ಅವನ ಮೊಣಕಾಲಿಗೆ ಬಡಿಯುತ್ತಿತ್ತು. "ಮಾಮಾ, ಇದು ಸಂಜೀತನಕ ಸಾಕಾಗತೈತಿ. ಅಲ್ಲೆ ನೀರ ಕುಡೀಬ್ಯಾಡ್ರಿ, ಮೊದಲ ನಿಮಗ ಶುಗರ್ ಐತಿ," ಅಂದಿದ್ದಳು ಸ್ನೇಹಲ್. ಸಿಟ್ಟಿನಿಂದ ಅಂದದ್ದಲ್ಲ, ಕಾಳಜಿಯಿಂದಲೇ ಅಂದದ್ದು. ಸಿಟ್ಟಿನಿಂದ ಅಂದಿದ್ದರೆ ಒಂದು ಮಾತು ತಿರುಗಿ ಅನ್ನಬಹುದಾಗಿತ್ತು. ಕಾಳಜಿಗೆ ಏನೆಂದು ಉತ್ತರ ಕೊಡುವುದು? ಅದೂ ಅರವತ್ತಮೂರರ ವಯಸ್ಸಿನಲ್ಲಿ, ಅವಳು ಮಾಡಿಹಾಕಿದ ರೊಟ್ಟಿ ತಿನ್ನುತ್ತ, ಅವಳದೇ ಔಷಧಿ ಅಂಗಡಿಯ ಗುಳಿಗೆ ನುಂಗುತ್ತ? ಅವನು ಸುಮ್ಮನೆ ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡಿದ್ದ. ಈ ವರ್ಷವೊಂದರಲ್ಲಿ ತಲೆಯಾಡಿಸುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮುಂದಿನ ಸೀಟಿನವನು ಕಿಟಕಿ ಮುಚ್ಚಲೇ ಎಂದು ಕೇಳಿದಾಗಲೂ, ಗಾಳಿ ಬೇಕಾಗಿದ್ದರೂ, ಹೂಂ ಎಂದು ತಲೆಯಾಡಿಸಿಬಿಟ್ಟ.

ಅವನು ಹೊರಟದ್ದು ಉಗರಗೋಳಕ್ಕೆ, ಅಕ್ಕ ಶೆಟ್ಟೆವ್ವನ ಮನೆಗೆ. ದಸರೆಯ ರಜೆಗೆ ಈ ಸಲ ನಾವು ಬರುವುದಿಲ್ಲ ಎಂದು ಹೇಳಿಬರುವುದಕ್ಕೆ. ಇಷ್ಟು ಹೇಳಲು ಫೋನು ಸಾಕಿತ್ತು, ಮಗ ಅಜಿತನೂ ಅದನ್ನೇ ಅಂದಿದ್ದ. "ಅಕ್ಕಗ ಫೋನಿನಾಗ ಹೇಳಿದ್ರ ಚಂದ ಕಾಣೂದಿಲ್ಲೋ," ಎಂದು ತಾನೇ ಮುಂದಾಗಿ ಬಂದಿದ್ದ ಕಾಡಪ್ಪ. ಅದು ಅರ್ಧ ಸತ್ಯ. ಉಳಿದ ಅರ್ಧ ಒಂದು ವರ್ಷದಿಂದ ಅವನ ಗಂಟಲಲ್ಲಿ ಒಳಗೂ ಹೋಗದೆ ಹೊರಗೂ ಬಾರದೆ ಕುಳಿತಿತ್ತು.

ಕಳೆದ ಭಾನುವಾರ ಪಡಸಾಲೆಯಲ್ಲಿ ಎಲ್ಲರೂ ಕುಳಿತು ಊರು ಆರಿಸಿದ್ದರು. ಆರಿಸಿದ್ದರು ಅನ್ನುವುದಕ್ಕಿಂತ ಒಂದೊಂದೇ ಊರನ್ನು ಜ್ವರ ನೋಡಿದಂತೆ ಮುಟ್ಟಿ ನೋಡಿದ್ದರು ಅನ್ನಬೇಕು. ಗೋವಾದಲ್ಲಿ ಮೀನಿನಿಂದ ಯಾರಿಗೋ ಮೈಮೇಲೆ ಗಂಧೆ ಎದ್ದಿತ್ತಂತೆ. ದಾಂಡೇಲಿಯಲ್ಲಿ ಉಣ್ಣೆಹುಳು ಕಚ್ಚುತ್ತವಂತೆ, ಅದರಿಂದ ಜ್ವರವಂತೆ. ಅಜಿತ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಆದರೂ ಫೋನಿನಲ್ಲಿ ಯಾರೋ ಗುರುತಿಲ್ಲದವರು ಬರೆದದ್ದನ್ನು ಶಾಸನ ಓದಿದಂತೆ ಓದುತ್ತಿದ್ದ. ಕೊನೆಗೆ ಮಹಾಬಳೇಶ್ವರದ ಒಂದು ಹೋಟೆಲು ಗೆದ್ದಿತು. ಅಲ್ಲಿ ಕೋಣೆಗೊಂದು ನೀರಿನ ಫಿಲ್ಟರು, ಬಿಳಿಯ ಚಾದರ, ಅಡಿಗೆಯವರ ಕೈಗೆ ಗವಸು. ಫೋಟೊದಲ್ಲಿ ಎಲ್ಲವೂ ಎಷ್ಟು ಬೆಳ್ಳಗಿತ್ತೆಂದರೆ ಅಲ್ಲಿ ಮನುಷ್ಯರು ಮಲಗುತ್ತಾರೆಂದೇ ಅನ್ನಿಸುತ್ತಿರಲಿಲ್ಲ. "ಹಂಗಾರ ಉಗರಗೋಳ?" ಎಂದು ಕೇಳಿದವಳು ಏಳು ವರ್ಷದ ಮೊಮ್ಮಗಳು ಪ್ರಣಿತಾ, ನೆಲದ ಮೇಲೆ ಬೋರಲು ಮಲಗಿ ನವಿಲಿಗೆ ಬಣ್ಣ ತುಂಬುತ್ತಿದ್ದವಳು. ಸ್ನೇಹಲ್ ಮಗಳ ತಲೆ ಸವರಿ, "ಹ್ವಾದ ವರ್ಷದ್ದು ನೆನಪಿಲ್ಲೇನ ಬಾಳಾ?" ಅಂದಳು. ಹುಡುಗಿ ತಲೆಯೆತ್ತಿ ಅಜ್ಜನನ್ನು ನೋಡಿದಳು. ಒಂದೇ ಗಳಿಗೆ. ಮತ್ತೆ ನವಿಲಿನ ಕಡೆ ತಿರುಗಿದಳು.

ಆ ನೋಟವನ್ನು ಕಾಡಪ್ಪ ಮೊದಲು ಕಂಡದ್ದು ದವಾಖಾನೆಯಲ್ಲಿ. ವರ್ಷವೂ ಅವರು ದಸರೆಯ ರಜೆಗೆ ನಾಲ್ಕು ದಿನ ಶೆಟ್ಟೆವ್ವನಲ್ಲಿಗೆ ಹೋಗುತ್ತಿದ್ದರು. ಎಲ್ಲಮ್ಮನ ಗುಡ್ಡಕ್ಕೆ ಬರುವ ಸಂಸಾರಗಳಿಗೆ ಅವಳು ಎರಡು ಕೋಣೆ, ಒಲೆ, ಹಂಡೆ, ಪಾತ್ರೆ ಕೊಟ್ಟು ಇಳಿಸಿಕೊಳ್ಳುತ್ತಿದ್ದಳು. ಕೊಲ್ಲಾಪುರ, ಸಾಂಗಲಿ ಕಡೆಯ ನಮ್ಮ ಮಂದಿ, ಸ್ನೇಹಲಳ ತವರಿನವರೂ ಸೇರಿ, ಎಲ್ಲಮ್ಮನ ಪಡಲಗಿ ತುಂಬಿಸಲು ಬಂದರೆ ಅಲ್ಲೇ ಹೋಳಿಗೆ, ಕಡುಬು ಬೇಯಿಸಿ, ನೈವೇದ್ಯದ ಆ ಬುಟ್ಟಿ ತುಂಬಿ, ಅಲ್ಲೇ ಉಂಡು ಮಲಗುವರು. ದಸರೆಯ ನಾಲ್ಕು ದಿನ ಮಾತ್ರ ಒಂದು ಕೋಣೆ ತಮ್ಮನ ಮನೆಯವರಿಗೇ ಮೀಸಲು. ಅಜಿತನ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕ ಬುದ್ಧನಿದ್ದ. "ನಾ ದೇವರಿಗೆ ಬರೂದಿಲ್ಲ, ನಮ್ಮ ಅತ್ತಿ ಸಲುವಾಗಿ ಬರತೇನಿ," ಅನ್ನುತ್ತಿದ್ದ ಅಜಿತ, ಮತ್ತು ಶೆಟ್ಟೆವ್ವ ಅದನ್ನು ದೇವರಿಗಿಂತ ಹೆಚ್ಚಿನ ಮಾತೆಂದು ಓಣಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. ಹೋದ ವರ್ಷ ಮೂರನೆಯ ದಿನ ಮಧ್ಯಾಹ್ನ, ಹೆಂಗಸರು ಹೋಳಿಗೆ ಲಟ್ಟಿಸುತ್ತಿದ್ದಾಗ, ಕಾಡಪ್ಪ ಮೊಮ್ಮಗಳ ಕೈಹಿಡಿದು ಬಳೆ ಅಂಗಡಿ ತೋರಿಸಲು ಹೋಗಿದ್ದ. ಹೊರಗಿನದೇನೂ ಕೊಡಿಸಬೇಡಿರೆಂದು ಸ್ನೇಹಲ್ ಎರಡು ಸಲ ಹೇಳಿದ್ದಳು. ದಾರಿಯಲ್ಲಿ ತಳ್ಳುಗಾಡಿಯವನೊಬ್ಬ ಗೋಣಿತಟ್ಟಿನಲ್ಲಿ ಸುತ್ತಿದ ಬರ್ಫವನ್ನು ಕರಕರ ಹೆರೆದು ಗೋಲಾ ಮಾಡಿ ಮೇಲೆ ಕೆಂಪು ಶರಬತ್ತು ಹಾಕುತ್ತಿದ್ದ. ಹುಡುಗಿ ಬೇಡಲಿಲ್ಲ, ನಿಂತಳು ಅಷ್ಟೆ. ಅವಳು ನಿಂತ ರೀತಿಗೆ ಅವನು ಸೋತ. ಎಲ್ಲದಕ್ಕೂ ಸೊಸೆಯ ಅಪ್ಪಣೆ ಕೇಳಿ ಬದುಕುವವನಿಗೆ ಒಂದು ದಿನ ಅಜ್ಜನಾಗುವ ಆಸೆ ಬಂದಿತ್ತು, ಅದೂ ನಿಜವೇ. ಅವಳು ತಿಂದು ಮುಗಿಸಿದ ಮೇಲೆ ಧೋತರದ ಸೆರಗಿನಿಂದ ತುಟಿ ಒರೆಸಿ, "ಮಮ್ಮಿಗೆ ಹೇಳಬ್ಯಾಡವಾ," ಅಂದಿದ್ದ. "ಇಲ್ಲ ಅಜ್ಜಾ," ಅಂದಿದ್ದಳು ಅವಳು, ದೊಡ್ಡವರಂತೆ.

ಮರುದಿನ ಮುಂಜಾನೆ ಹುಡುಗಿಗೆ ವಾಂತಿ ಹತ್ತಿತು, ಆಮೇಲೆ ಭೇದಿ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋಗಿದ್ದವು. ದವಾಖಾನೆಯಲ್ಲಿ ಸ್ನೇಹಲ್ ಮಗಳ ಕೈ ಬಿಡದೆ ಕುಳಿತಿದ್ದಳು, ಸೂಜಿ ಚುಚ್ಚಲು ರಕ್ತನಾಳ ಸಿಗದಾಗ ತಾನೇ ಚುಚ್ಚಿಸಿಕೊಂಡಂತೆ ಮುಖ ಹಿಂಡಿಕೊಂಡಳು. ಡಾಕ್ಟರು ಕೇಳಿದರು: "ಹೊರಗ ಏನರ ತಿಂದಿತ್ತೇನ್ರಿ?" "ಇಲ್ರಿ ಸರ, ಹೊರಗಿಂದು ಒಂದು ಹನಿ ಮುಟ್ಟಿಲ್ಲ," ಅಂದಳು ಸ್ನೇಹಲ್. "ಹಂಗಾರ ನೀರಿಂದ." ಅಷ್ಟೇ. ಕಾಡಪ್ಪ ಮಂಚದ ಕಾಲ ಕಡೆ ನಿಂತಿದ್ದ. ಬಾಯಿ ತೆರೆದಿದ್ದು ಅವನಿಗೆ ಚೆನ್ನಾಗಿ ನೆನಪಿದೆ. ಆಗಲೇ ಹುಡುಗಿ ಅವನನ್ನು ನೋಡಿದಳು, ನಾನು ಹೇಳಿಲ್ಲ ನೋಡು ಎನ್ನುವಂತೆ. ಅವನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಕೂಸು ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡ. ಕೂಸು ಚೇತರಿಸಿಕೊಳ್ಳುವುದರೊಳಗೆ ಸ್ನೇಹಲ್ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದಾಗಿತ್ತು: ಉಗರಗೋಳದ ಅತ್ತಿ ಮನೆಯ ನೀರು ಸರಿ ಇಲ್ಲ, ಹೋಗುವವರು ಹುಷಾರು. ಬೈದು ಬರೆದದ್ದಲ್ಲ, ಅದೂ ಕಾಳಜಿಯೇ. ಕೊಲ್ಲಾಪುರದವರು ಓದಿದರು, ಅವರು ಸಾಂಗಲಿಯವರಿಗೆ ಕಳಿಸಿದರು. ಊರ ಬಾಯಿಗಾದರೂ ರಾತ್ರಿ ನಿದ್ದೆಯಿದೆ, ಈ ಗುಂಪಿಗೆ ಅದೂ ಇಲ್ಲ.

ಮೂವತ್ತೆರಡು ವರ್ಷ ಕಾಡಪ್ಪ ನವಿಲುತೀರ್ಥದ ಆಣೆಕಟ್ಟಿನ ಮೇಲೆ ನೀರಿನ ಮಟ್ಟ ಬರೆಯುವ ಕೆಲಸ ಮಾಡಿದ್ದ. ಮಳೆಯಿರಲಿ ಬಿಸಿಲಿರಲಿ ಮುಂಜಾನೆ ಇಳಿದುಹೋಗಿ ಕಲ್ಲಿನ ಮೇಲಿನ ಗೆರೆ ನೋಡಿ, ಕಂಡಷ್ಟನ್ನೇ ಬರೆಯುವುದು. ಒಂದು ಸಲ ಮೇಲಿನವರು ಒಂದು ಗೇಣು ಹೆಚ್ಚು ಬರೆಯೆಂದಾಗ, "ನೀರು ಇದ್ದಷ್ಟ ಐತ್ರಿ ಸಾಹೇಬ್ರ," ಅಂದಿದ್ದ. ಅದನ್ನು ಎಷ್ಟು ಸಲ ಮನೆಯಲ್ಲಿ ಹೇಳಿಕೊಂಡಿದ್ದನೋ. ನೀರಿನ ಬಗ್ಗೆ ಒಂದೂ ಸುಳ್ಳು ಬರೆಯದವನು ನೀರಿನ ಮೇಲೆಯೇ ಇಷ್ಟು ದೊಡ್ಡ ಸುಳ್ಳನ್ನು, ಬರೀ ಬಾಯಿ ಮುಚ್ಚಿಕೊಂಡು, ಹೊರಿಸಿದ್ದ. ಯಾರ ನೀರಿನ ಮೇಲೆ? ಅವನಿಗೆ ಆರು ವರ್ಷವಿದ್ದಾಗ ಸಂತೆಯ ದಿನ ಅಪ್ಪ ಅವನನ್ನೂ ಅಕ್ಕನನ್ನೂ ಹೋಟೆಲಿನ ಹೊರಗೆ ನಿಲ್ಲಿಸಿ ನೀರು ಕೇಳಿದ್ದ. ಒಳಗಿನವನು ಬಂದು ಎತ್ತರದಿಂದ, ತಂಬಿಗೆ ಕೈಗೆ ತಾಗದಷ್ಟು ಎತ್ತರದಿಂದ, ಹುಡುಗನ ಬೊಗಸೆಗೆ ಸುರಿದ. ಅರ್ಧ ನೀರು ಬಾಯಿಗೆ, ಅರ್ಧ ಮೊಣಕೈಯಿಂದ ಕೆಳಗೆ. ಸುರಿದವನು ಸಾಕೆಂದು ಒಳಗೆ ಹೋಗಿಬಿಟ್ಟ. ಅಕ್ಕ ತನ್ನ ಎರಡೂ ಅಂಗೈಗಳನ್ನು ಅವನ ಮೊಣಕೈ ಕೆಳಗೆ ಹಿಡಿದು, ಬಿದ್ದಷ್ಟನ್ನು ತಾನು ಕುಡಿದಿದ್ದಳು. ಈಗ ಅದೇ ಅಕ್ಕನ ಮನೆಗೆ ಅವನು ತನ್ನ ನೀರು ತಾನು ಕಟ್ಟಿಕೊಂಡು ಹೊರಟಿದ್ದ. ಕಿಟಕಿಯಾಚೆ ಜಲಾಶಯದ ಹಿನ್ನೀರು ಕಾಣಿಸಿತು. ಮಟ್ಟ ಎಷ್ಟಿರಬಹುದೆಂದು ಕಣ್ಣು ತಾನಾಗಿ ಅಳೆಯಿತು, ಅವನು ಕಣ್ಣು ಮುಚ್ಚಿಕೊಂಡ.

ಸವದತ್ತಿಯಲ್ಲಿ ಬಸ್ಸು ಬದಲಿಸಿ ಉಗರಗೋಳದಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಬುಧವಾರವಾದ್ದರಿಂದ ಮಂದಿ ಕಡಿಮೆ. ಭಂಡಾರ ಮಾರುವವರು ಹಳದಿ ರಾಶಿಗಳ ಹಿಂದೆ ತೂಕಡಿಸುತ್ತಿದ್ದರು. ಅಕ್ಕನ ಓಣಿಯ ತಿರುವಿನಲ್ಲಿ ಬೇವಿನ ಮರದ ಬುಡಕ್ಕೆ ಬಾಟಲಿಯ ನೀರನ್ನೆಲ್ಲ ಸುರಿದು, ಖಾಲಿ ಬಾಟಲಿಯನ್ನು ಚೀಲದ ತಳಕ್ಕೆ, ಟವೆಲ್ಲಿನ ಕೆಳಗೆ ಅಡಗಿಸಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಸುರಿದ ಮೇಲೆ ಸುತ್ತ ನೋಡಿದ, ಯಾರೂ ಇರಲಿಲ್ಲ, ಒಂದು ಮೇಕೆ ಬಿಟ್ಟರೆ.

ಶೆಟ್ಟೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಎಪ್ಪತ್ತು ದಾಟಿದವಳು, ಮೊಣಕಾಲು ನೋವಿನವಳು, ಆದರೂ ಅವನನ್ನು ಕಂಡು ಗೋಡೆ ಹಿಡಿದು ಎದ್ದಳು. "ಬಂದ್ಯಾ ತಮ್ಮಾ? ಬಿಸಲಾಗ ನಡಕೋತ ಬಂದಿಯಲ್ಲೋ. ಬಾ, ಒಳಗ ಬಾ." ಎರಡೂ ಕೋಣೆಗಳಿಗೆ ಹೊರಗಿನಿಂದ ಚಿಲಕ. ಅಂಗಳದಲ್ಲಿ ಬಾಡಿಗೆಯ ದೊಡ್ಡ ಹಂಡೆಗಳು ಬೋರಲು ಬಿದ್ದಿದ್ದವು, ಅವುಗಳ ಬೆನ್ನ ಮೇಲೆ ಧೂಳು ಕೂತಿತ್ತು. ಕಳೆದ ವರ್ಷ ಈ ಹೊತ್ತಿಗೆ ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಡಸಾಲೆಯ ಗೋಡೆಯಲ್ಲಿ ಹೊಸದೊಂದು ಬಿಳಿಯ ಪೆಟ್ಟಿಗೆ ಕಂಡಿತು, ಒಳಗೆ ಸಣ್ಣ ನೀಲಿ ದೀಪ. "ಫಿಲ್ಟರ್ ಹಾಕಿಸೀನಿ," ಅಂದಳು ಅವನು ನೋಡುವುದನ್ನು ನೋಡಿ. "ಓಣ್ಯಾಗಿನ ಶಟ್ಟೆಪ್ಪನ ಮಗ ಬಂದು ಕೂಡಿಸಿಕೊಟ್ಟ. ಕರೆಂಟ್ ಇದ್ರ ಚಲೋ ನಡೀತೈತಿ. ಬಂದವರಿಗೆ ಮದಲ ಅದನ್ನ ತೋರಸ್ತೇನಿ. ನೋಡತಾರ, ಚಲೋ ಐತಿ ಅಂತಾರ, ಮುಂದಿನ ಮನಿಗೆ ಹೋಗಿ ಇಳೀತಾರ." ಹೇಳಿ ನಕ್ಕಳು. ಅವನಿಗೂ ನಗಬೇಕಾಯಿತು.

ಒಳಗೆ ಹೋದವಳು ಒಂದು ಬಾಟಲಿ ಹಿಡಿದು ಬಂದಳು. ಅಂಗಡಿಯದು, ಮುಚ್ಚಳದ ಸೀಲು ಒಡೆಯದ್ದು. ಅವನು ಬರುತ್ತೇನೆಂದು ಫೋನು ಮಾಡಿದ್ದರಿಂದ ಮುಂಜಾನೆ ತಾನೇ ಕುಂಟುತ್ತ ಅಂಗಡಿಗೆ ಹೋಗಿ ತಂದಿದ್ದಳಂತೆ. ಅದರ ಪಕ್ಕ ತೊಳೆದ ಸ್ಟೀಲಿನ ಲೋಟ. ಎರಡನ್ನೂ ಅವನ ಮುಂದಿಟ್ಟು, "ನೀನ ಒಡಿ," ಅಂದಳು. "ನಾ ಒಡದಿಲ್ಲ ನೋಡ." ಬಾಗಿಲ ಸಂದಿನಲ್ಲಿ ತಾಮ್ರದ ಕೊಡ ಕಾಣುತ್ತಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು, ಕೆಂಡದಂತೆ ಹೊಳೆಯುತ್ತಿತ್ತು. ಪ್ರತಿ ಸಲ ಬಾಗಿಲು ದಾಟುವ ಮೊದಲೇ ಆ ಕೊಡದ ನೀರು ಅವನ ಕೈಗೆ ಬರುತ್ತಿತ್ತು. ಕಾಡಪ್ಪ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತ. ಗಂಟಲು ಒಣಗಿತ್ತು, ಬೇವಿನ ಮರಕ್ಕೆ ಸುರಿದದ್ದು ನೆನಪಾಯಿತು. ಎತ್ತರದಿಂದ ಸುರಿದವನ ಮುಖ ಅವನಿಗೆ ಎಂದೂ ನೆನಪಾಗುತ್ತಿರಲಿಲ್ಲ. ಈಗ ಆ ಮುಖ ತನ್ನದೇ ಇದ್ದೀತು ಅನ್ನಿಸಿತು.

"ರಜಾಕ್ಕ ಯಾವತ್ತ ಬರ್ತೀರಿ?" ಅಂತ ಅವಳೇ ಕೇಳಿದಳು. ಕೇಳಿ, ಅವನ ಉತ್ತರಕ್ಕೆ ಕಾಯದೆ, "ಮಹಾಬಳೇಶ್ವರ ಭಾಳ ತಂಪಂತ ಹೌದಲ್ಲ?" ಅಂದಳು. ಗುಂಪಿನಲ್ಲಿ ಯಾರೋ ಹಾಕಿದ್ದನ್ನು ಪಕ್ಕದ ಮನೆಯ ಮಂಜುಳಾ ಓದಿ ಹೇಳಿದ್ದಳಂತೆ. ಹೇಳಿಬರಲೆಂದು ಅವನು ಹೊತ್ತು ತಂದ ಮಾತು ಅವನಿಗಿಂತ ಮೊದಲೇ ಬಂದು ಕುಳಿತಿತ್ತು. "ಹೋಗಬರಲಿ ಬಿಡೋ. ಕೂಸಿಗೂ ತಂಪ ಹವಾ ಬೀಳತೈತಿ. ನಾ ಏನ ಬ್ಯಾಸರ ಮಾಡಕೊಳಾಂಗಿಲ್ಲ."

ಅವಳು ಒಂದು ಮಾತು ಅಂದಿದ್ದರೆ, ಒಂದು ಚುಚ್ಚುಮಾತು, ಕಾಡಪ್ಪ ಬಹುಶಃ ಈ ಸಲವೂ ತಲೆಯಾಡಿಸಿ ಎದ್ದು ಬಂದುಬಿಡುತ್ತಿದ್ದ. ಬಾಟಲಿಯನ್ನು ನೆಲಕ್ಕಿಟ್ಟ. "ಅಕ್ಕಾ, ಅವತ್ತ ಕೂಸಿಗೆ ನಾನ ಬರ್ಫದ ಗೋಲಾ ಕೊಡಿಸಿದ್ನಿ. ಗಾಡಿಯವನ ಕಡಿಂದ. ನಿನ್ನ ನೀರಿಂದಲ್ಲ ಅದು." ಮಾತು ಇಷ್ಟು ಚಿಕ್ಕದಿತ್ತೇ ಎಂದು ಅವನಿಗೆ ಆಶ್ಚರ್ಯವಾಯಿತು. ವರ್ಷವಿಡೀ ಹೊತ್ತದ್ದು ಎರಡು ಉಸಿರಿಗೆ ಮುಗಿಯಿತು.

ಶೆಟ್ಟೆವ್ವ ಸೆರಗಿನಿಂದ ಲೋಟ ಒರೆಸುತ್ತಿದ್ದಳು, ಆಗಲೇ ಒರೆಸಿದ್ದ ಲೋಟ. "ಗೊತ್ತೈತಿ," ಅಂದಳು.

"ಏನ ಗೊತ್ತೈತಿ?"

"ಅವತ್ತ ಸಂಜೀಮುಂದ ಕೂಸು ಬಂದು ನನ್ನ ತೊಡೀಮ್ಯಾಲ ಕುಂತಿತ್ತಲ್ಲ, ಆಕಳಿಸಿದಾಗ ನೋಡಿದ್ನಿ. ನಾಲಿಗಿ ಕೆಂಪಂದ್ರ ಕೆಂಪ. ಸ್ನೇಹಲ್ ನೋಡಿದ್ರ ನಿನಗ ಬೈದಾಳು ಅಂತ ಹಿತ್ತಲಕ ಕರಕೊಂಡ ಹೋಗಿ ನಾನ ಬಾಯಿ ತೊಳಸಿದ್ನಿ, ನಾಲಿಗಿ ತಿಕ್ಕಿ."

"ಮತ್ತ ಯಾಕ ಹೇಳಲಿಲ್ಲಕ್ಕಾ? ಇಷ್ಟೆಲ್ಲಾ ಆದ್ರೂ?"

"ನಾ ಹೇಳೂ ಮಾತೇನೋ ಅದು?" ಅವಳ ದನಿ ಏರಲಿಲ್ಲ. "ನೀ ಹೇಳತಿ ಅಂತ ಕಾದ್ನಿ. ಕೂಸು ದವಾಖಾನಿಂದ ಮನಿಗೆ ಬಂದ ಮ್ಯಾಲೆ ಹೇಳತಿ ಅಂದಕೊಂಡ್ನಿ. ಆಮ್ಯಾಲೆ ದೀಪಾವಳಿಗೆ ಹೇಳತಿ ಅಂದಕೊಂಡ್ನಿ. ಯುಗಾದಿಗೆ ಅಂದಕೊಂಡ್ನಿ. ಆಮ್ಯಾಲೆ ಕಾಯೂದ ಬಿಟ್ನಿ."

ಕಾಡಪ್ಪನಿಗೆ ಅಳು ಬಂತು. ಬಂದದ್ದು ಬಂದಂತೆಯೇ ನಿಂತಿತು, ಕಣ್ಣಿನವರೆಗೂ ಬರಲಿಲ್ಲ. ಜೇಬಿನಿಂದ ಫೋನು ತೆಗೆದು, ಯೋಚಿಸಿದರೆ ಮತ್ತೆ ಯುಗಾದಿಯಾದೀತೆಂದು ಹೆದರಿ, ಸ್ನೇಹಲಳ ಹೆಸರು ಒತ್ತಿದ. ಅಕ್ಕ ಬೇಡವೆಂದು ಕೈ ಮಾಡುತ್ತಿದ್ದಳು, "ಅವರ ಕೈಯಾಗ ಉಣ್ಣಾಂವ ನೀ," ಅನ್ನುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ, ಗುಳಿಗೆಯ ಹಾಳೆ ಕತ್ತರಿಸುವ ಸಪ್ಪಳ. ಅವನು ಹೇಳಿದ. ಕತ್ತರಿ ನಿಂತಿತು.

"ಡಾಕ್ಟರ್ ಕೇಳಿದಾಗ ನೀವು ಅಲ್ಲೇ ನಿಂತಿದ್ರಿ ಮಾಮಾ," ಅಂದಳು ಸ್ನೇಹಲ್.

"ಹೂಂ ವಾ. ನಿಂತಿದ್ನಿ."

"ಅತ್ತಿ ಕೈಯಾಗ ಫೋನ್ ಕೊಡ್ರಿ."

ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು. ಹೂಂ ಅಂದಳು, ಇರಲಿ ಬಿಡವಾ ಅಂದಳು, ಅಳಬ್ಯಾಡವಾ ಅಂದಳು. ಫೋನು ತಿರುಗಿ ಅವನ ಕೈಗೆ ಬಂದಾಗ ಸ್ನೇಹಲಳ ದನಿ ಮತ್ತೆ ಸರಿಹೋಗಿತ್ತು. "ಬುಕಿಂಗ್ ಅಂತೂ ಆಗೇತ್ರಿ ಮಾಮಾ. ಇನ್ನಮ್ಯಾಲೆ ಪ್ರಣಿತಾನ ಎಲ್ಲೆರ ಕರಕೊಂಡ ಹೋಗೂಮುಂದ ನನಗೊಂದ ಮಾತ ಕೇಳ್ರಿ, ಆತ?" ಆತು ಅಂದ. ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲ, ಬಾಯಿಬಿಟ್ಟೇ ಅನ್ನಬೇಕಾಯಿತು.

ಹತ್ತು ನಿಮಿಷದಲ್ಲಿ ಗುಂಪಿನಲ್ಲಿ ಅವಳು ಬರೆದಳು: ಹೋದ ವರ್ಷದ್ದು ಅತ್ತಿ ಮನೆಯ ನೀರಿನಿಂದ ಆಗಿದ್ದಲ್ಲ, ಮಗು ಹೊರಗೆ ಬರ್ಫ ತಿಂದಿತ್ತು, ತಪ್ಪು ತಿಳಿದು ಬರೆದಿದ್ದೆ, ಕ್ಷಮಿಸಿ. ಯಾರು ತಿನ್ನಿಸಿದರೆಂದು ಬರೆದಿರಲಿಲ್ಲ. ಕಾಡಪ್ಪ ಅಕ್ಕನಿಗೆ ಓದಿ ಹೇಳಿದ. ಅವಳ ಮುಖ ಅರಳಿತು. ಉತ್ತರಗಳು ಬರತೊಡಗಿದವು, ಅವನ್ನೂ ಓದೆಂದಳು. ಸಾಂಗಲಿಯ ಒಬ್ಬಳು ಕೈಮುಗಿಯುವ ಚಿತ್ರ ಹಾಕಿದ್ದಳು. ಇನ್ನೊಬ್ಬಳದು: ಯಾರ ಮನೆಯದಾದರೇನು, ನೀರಿನ ವಿಷಯದಲ್ಲಿ ಹುಷಾರಿರುವುದೇ ಒಳ್ಳೆಯದು. ಮೂರನೆಯವಳು ಕೊಲ್ಲಾಪುರದ ಮಹಾನಂದಾ, ಹತ್ತು ವರ್ಷ ಇದೇ ಕೋಣೆಯಲ್ಲಿ ಇಳಿದವಳು: ಅವ್ವಾರು ಒಳ್ಳೆಯವರು, ಆದರೆ ಈ ಸಲ ನಾವು ಬೇರೆ ಕಡೆ ಹೇಳಿಬಿಟ್ಟಿದ್ದೇವೆ, ಅಲ್ಲಿ ಎಲ್ಲ ಸ್ವಚ್ಛವಿದೆಯಂತೆ. ಕಾಡಪ್ಪ ಮೂರನೆಯದನ್ನು ಓದುತ್ತ ನಡುವೆ ನಿಲ್ಲಿಸಿದ. "ಓದಪಾ, ಕೇಳಾಕ ಹತ್ತೇನಿ," ಅಂದಳು ಶೆಟ್ಟೆವ್ವ. ಕೊನೆಯವರೆಗೂ ಓದಿದ. ಇನ್ನು ನೀರಿನ ಬಗ್ಗೆ ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

ಉಂಡದ್ದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಉಂಡ ಮೇಲೆ ಅವನು, "ಅಕ್ಕಾ, ನೀರ ಕೊಡು. ಕೊಡದಾಗಿಂದ," ಅಂದ. ಅವಳು ಲೋಟ ಹಿಡಿದು ಎದ್ದಳು, ಕೊಡದ ತನಕ ಹೋದಳು, ಮುಚ್ಚಳ ತೆಗೆದು ಬಗ್ಗಿ ಒಳಗೆ ನೋಡಿದಳು. ನಲವತ್ತು ವರ್ಷ ಆ ಕೊಡದ ನೀರು ಕುಡಿದು ಕುಡಿಸಿದವಳು, ಗುರುತಿಲ್ಲದ ಬಾವಿಯೊಳಗೆ ಇಣುಕಿದಂತೆ ನೋಡಿದಳು. ಮುಚ್ಚಳ ಮತ್ತೆ ಮುಚ್ಚಿದಳು. "ಬ್ಯಾಡ ತಮ್ಮಾ," ಅಂದಳು. "ನಿನಗ ಶುಗರ್ ಬ್ಯಾರೆ ಐತಿ. ಏನರ ಆದ್ರ?" ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾದ ಅಂಜಿಕೆಯಿತ್ತು. ಬಂದು ಕುಳಿತು, ಸೀಲಿನ ಬಾಟಲಿಯನ್ನು ತಾನೇ ತಿರುವಿ ಒಡೆದು ಲೋಟಕ್ಕೆ ಬಗ್ಗಿಸಿದಳು. ಕಾಡಪ್ಪ ಕುಡಿದ. ನೀರು ತಣ್ಣಗೂ ಇರಲಿಲ್ಲ, ಬಿಸಿಯೂ ಇರಲಿಲ್ಲ.

ಸಂಜೆಯ ಬಸ್ಸಿಗೆ ಹೊರಡಬೇಕೆಂದು ಕಟ್ಟೆಯ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಫೋನು ಬಂತು. ಸ್ನೇಹಲಳದೇ ಹೆಸರು, ಆದರೆ ದನಿ ಪ್ರಣಿತಾಳದು. ಸಾಲೆಯಿಂದ ಈಗಷ್ಟೇ ಅಂಗಡಿಗೆ ಬಂದಿದ್ದಳೇನೋ, ಏದುಸಿರು ಬಿಡುತ್ತಿದ್ದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡವಳಂತೆ ಪಿಸುಗುಡುತ್ತಿದ್ದಳು.

"ಅಜ್ಜಾ, ಮಮ್ಮಿಗೆ ಎಲ್ಲಾ ಗೊತ್ತಾಗೇತಿ. ನಾ ಹೇಳಿಲ್ಲ ಅಜ್ಜಾ. ಖರೇನ ನಾ ಹೇಳಿಲ್ಲ."

ಕಾಡಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವನು ಹಾಗೆಯೇ ಕಟ್ಟೆಯ ಮೇಲೆ ಕುಳಿತ. ದವಾಖಾನೆಯ ಮಂಚ, ಸೂಜಿ, ಆಮೇಲಿನ ದೀಪಾವಳಿ, ಯುಗಾದಿ, ಭಾನುವಾರದ ನವಿಲು. ಅವನು ಹೊತ್ತಿದ್ದನ್ನು ಇಷ್ಟು ದಿನ ಹೊತ್ತವರು ಇನ್ನಿಬ್ಬರಿದ್ದರು, ಒಬ್ಬಳಿಗೆ ಎಪ್ಪತ್ತು, ಒಬ್ಬಳಿಗೆ ಏಳು.

"ನಾನ ಹೇಳೀನವಾ," ಅಂದ.

"ನೀನ?" ಹುಡುಗಿ ಅಡ್ಡವಿಟ್ಟ ಕೈ ತೆಗೆದಳೇನೋ, ದನಿ ದೊಡ್ಡದಾಯಿತು. "ಹಂಗಾರ ಇನ್ನ ನಾ ಹೇಳಿದ್ರೂ ನಡೀತೈತಿ?"

"ನಡೀತೈತವಾ. ಯಾರ ಮುಂದ ಬೇಕಾದ್ರೂ ಹೇಳು."

"ಬ್ಯಾಡ ಅಜ್ಜಾ," ಅಂದಳು ಅವಳು, ದೊಡ್ಡದೊಂದು ಉಸಿರು ಬಿಟ್ಟು. "ನಾ ಅದನ್ನ ಮರತಬಿಡತೇನಿ."